ಅಳಿಸಿದ್ದಕ್ಕೆ ಪುರಾವೆ

ವಿಗ್ ತಯಾರಕರ ಸಂಘಕ್ಕೆ ತನ್ನ ಬ್ಲಾಕ್‌ಚೈನ್ ಎಂದರೆ ಎಲ್ಲಿಲ್ಲದ ಅಭಿಮಾನ. ಕೂದಲು ಎಲ್ಲಿಂದ ಬಂತು, ಯಾರು ಹೆಣೆದರು, ಕೊನೆಗೆ ಯಾರ ತಲೆಯೇರಿತು, ಎಲ್ಲವೂ ಅದರಲ್ಲಿ ದಾಖಲು. ಪ್ರತಿ ಸದಸ್ಯರ ಅಂಗಡಿಯಲ್ಲೂ ಅದರದೊಂದು ನಕಲು. ಬರೆದವರೇ ಬಂದು ಗೋಗರೆದರೂ ಒಂದಕ್ಷರ ಅಳಿಸದು.

ಅಳಿಸಲೇಬೇಕೆಂದು ಸಲೂನಿನ ಯಜಮಾನರು ಬಂದು ಕುಳಿತಿದ್ದರು. ಬೀದಿಯವರ ತಲೆಗಳನ್ನೆಲ್ಲ ನೋಡಿಕೊಳ್ಳುವ ಮನುಷ್ಯನ ತಲೆಯ ಮೇಲಿದ್ದದ್ದು ಸಂಘದ್ದೇ ವಿಗ್ಗು. ಹೆಂಡತಿಯೊಬ್ಬಳನ್ನು ಬಿಟ್ಟರೆ ಸಂಘದ ಹೊರಗೆ ಯಾರಿಗೂ ಅದು ಗೊತ್ತಿರಲಿಲ್ಲ.

"ನಾಳೆ ನನ್ನ ಭಾವಮೈದ ತಾನೂ ವಿಗ್ ಮಾಡ್ತೀನಿ ಅಂತ ನಿಮ್ಮ ಸಂಘ ಸೇರ್ತಾನೆ. ನಮ್ಮೆದುರಿಗೇ ಅವನ ಸಲೂನು. ನನ್ನ ಹೆಸರು ಕಂಡ್ರೆ ಡಂಗುರ ಹೊಡೀತಾನಮ್ಮ."

ಸಂಘದ ಕಚೇರಿಯಲ್ಲಿದ್ದವರು ಅತ್ತಿಗೆ-ನಾದಿನಿ ಇಬ್ಬರು: ಕಾನೂನು ನೋಡುತ್ತಿದ್ದವಳು ಅತ್ತಿಗೆ, ಕಂಪ್ಯೂಟರು ನೋಡುತ್ತಿದ್ದವಳು ನಾದಿನಿ.

"ಗಿರಾಕಿ ಕೇಳಿದ್ರೆ ಹೆಸರು ತೆಗೀಲೇಬೇಕು, ಕಾನೂನಿದೆ," ಎಂದಳು ಅತ್ತಿಗೆ.

"ಕಾನೂನು ಬರೆದವರನ್ನೇ ಕರ್ಕೊಂಡು ಬನ್ನಿ ಅತ್ತಿಗೆ, ತೆಗೀಲಿ ನೋಡೋಣ," ಎಂದ ನಾದಿನಿ ಯಜಮಾನರ ಮುಖ ಕಂಡು ಮೆತ್ತಗಾದಳು. "ಗಾಬರಿ ಬೀಳ್ಬೇಡಿ ಅಣ್ಣ. ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ಬೀಗ ಹಾಕಿದೀನಿ. ಕೀಲಿ ಇರೋದು ಇಲ್ಲಿ ಮಾತ್ರ, ಸದಸ್ಯರು ಹೆಸರು ಓದೋದೂ ಅದರಿಂದಲೇ. ಅದನ್ನ ನಾಶ ಮಾಡಿದ್ರೆ ಹೆಸರು ಅಲ್ಲೇ ಇರುತ್ತೆ, ಓದೋಕೆ ದೇವರಿಗೂ ಆಗಲ್ಲ."

ಕೀಲಿ ನಾಶವಾಯಿತು. ಹೆಸರಿದ್ದ ಜಾಗದಲ್ಲಿ ಬಾಚಣಿಗೆಗೆ ಸಿಕ್ಕಿಕೊಂಡ ಕೂದಲಿನಂಥ ಅಕ್ಷರಗಳು.

"ಅಳಿಸಿದ್ದಕ್ಕೆ ಪುರಾವೆ ಬೇಕಲ್ಲ," ಅತ್ತಿಗೆ ಬಿಡಲಿಲ್ಲ. "ಅದೂ ಯಾರೂ ತಿದ್ದದ ಹಾಗೆ."

ಯಾರೂ ತಿದ್ದಲಾಗದ ಜಾಗ ಅವರಿಗೆ ಗೊತ್ತಿದ್ದದ್ದು ಒಂದೇ. ಇಬ್ಬರೂ ಸೇರಿ ಅಚ್ಚುಕಟ್ಟಾಗಿ ಒಕ್ಕಣೆ ಬರೆದರು. ಗಿರಾಕಿ ಒಪ್ಪಿಗೆ ಒತ್ತಿದರೆ ಅದು ಬ್ಲಾಕ್‌ಚೈನ್ ಸೇರುತ್ತಿತ್ತು.

ಯಜಮಾನರು ಕನ್ನಡಕ ಹಾಕಿಕೊಂಡು ಓದಿದರು. ತಮ್ಮ ಪೂರ್ತಿ ಹೆಸರು, ಸಲೂನಿನ ವಿಳಾಸ, ಆಮೇಲೆ: 'ಇವರು ವಿಗ್ ಕೊಂಡ ವಿವರವನ್ನು ಶಾಶ್ವತವಾಗಿ ಅಳಿಸಲಾಗಿದೆ.' ಬೆರಳು ಗಾಳಿಯಲ್ಲೇ ನಿಂತಿತು.

"ಇದು ಎಲ್ಲಿಗೆ ಹೋಗುತ್ತಮ್ಮ?"

"ಎಲ್ಲ ಅಂಗಡಿಗೂ ಅಣ್ಣ," ಎಂದ ನಾದಿನಿ ಅತ್ತಿಗೆಯ ಕಡೆ ತಿರುಗಿದಳು. ಅತ್ತಿಗೆ ಆಗಲೇ ಫ್ಯಾನು ನೋಡುತ್ತಿದ್ದಳು.

"ಪುರಾವೆ ಎಲ್ಲರಿಗೂ ಕಾಣ್ಲಿ ಅಂತ..." ಎಂದು ರಾಗ ಎಳೆದಳು ಅತ್ತಿಗೆ.

"ಕಾಣುತ್ತೆ ಬಿಡಿ. ವಿಳಾಸ ಸಮೇತ ಕಾಣುತ್ತೆ," ಎಂದರು ಯಜಮಾನರು.

ಒಕ್ಕಣೆ ಮೊಟಕಾಯಿತು: 'ಒಬ್ಬ ಗಿರಾಕಿಯ ಕೀಲಿಯನ್ನು ನಾಶಪಡಿಸಲಾಗಿದೆ.' ಅಳಿಸಿದ್ದಕ್ಕೆ ಹೆಸರಿದ್ದ ರಸೀದಿಯನ್ನು ಕಾಗದದಲ್ಲಿ ಬರೆದು ಅವರ ಕೈಗೇ ಕೊಟ್ಟರು. ಇಟ್ಟುಕೊಳ್ಳುವುದೋ ಹರಿಯುವುದೋ ಅವರಿಗೆ ಬಿಟ್ಟದ್ದು. ಯಜಮಾನರು ಇನ್ನೊಮ್ಮೆ ಓದಿ ಒಪ್ಪಿಗೆ ಒತ್ತಿದರು.

ಸಲೂನಿನವನಿಗೂ ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳಲಾಗದು. ಆ ವಾರ ಭಾವಮೈದುನ ಇವರ ಕುರ್ಚಿಗೇ ಬಂದು ಒರಗಿದ.

"ಯಾವನೋ ಹೆಸರು ಮುಚ್ಚಿಸ್ಕೊಂಡಿದಾನೆ ಭಾವ. ಎಷ್ಟು ಕೆದಕಿದ್ರೂ ಗೊತ್ತಾಗ್ತಿಲ್ಲ."

"ತಲೆ ಅಲ್ಲಾಡಿಸ್ಬೇಡ."

ಅವನು ಕನ್ನಡಿಯಲ್ಲಿ ಭಾವನ ಕ್ರಾಪನ್ನೇ ನೋಡಿದ. "ಅಲ್ಲ, ನಿಮ್ಮದನ್ನ ಇಷ್ಟು ನೀಟಾಗಿ ಯಾರು ನೋಡ್ಕೋತಾರೆ?"

"ನಿಮ್ಮಕ್ಕ," ಎಂದು ಯಜಮಾನರು ನೆಮ್ಮದಿಯಿಂದ ಕತ್ತರಿ ಆಡಿಸಿದರು.