ಬಾಗಿಲು ಮುಚ್ಚುವ ಹೊತ್ತು

ಗೌರಿಹಬ್ಬ ಕಳೆದದ್ದೇ ತಡ, ಅಂಕಮ್ಮನ ಎದೆಗೆ ನಡುಕ ಹೊಕ್ಕಿತು. ಗಂಡ ತೀರಿಕೊಂಡ ಮೇಲೆ ಇದು ಮೊದಲ ಪಿತೃಪಕ್ಷ. ಸಾತನೂರಿನ ಆ ಮನೆಯಲ್ಲಿ ಹಿರಿಯರಿಗೆ ಎಡೆಯಿಟ್ಟ ಮೇಲೆ ಎಲ್ಲರೂ ಹೊರಬಂದು ಬಾಗಿಲು ಮುಚ್ಚಬೇಕು. ಸತ್ತವರು ಬಂದು ಉಂಡುಹೋಗುವವರೆಗೆ ಬದುಕಿದವರು ತುತ್ತು ಮುಟ್ಟುವಂತಿಲ್ಲ. ಅಂಕಮ್ಮನಿಗೆ ಭಯವಿದ್ದದ್ದು ಆ ಬಾಗಿಲಿನದು. ನೆನೆದರೆ ಸಾಕು, ನಿದ್ದೆ ಹಾರಿಹೋಗುತ್ತಿತ್ತು, ಅನ್ನ ಸೇರುತ್ತಿರಲಿಲ್ಲ.

ಎಡೆಯಿಡುವ ದಿನ ಗಂಡನ ಹೆಸರಿನ ಹೊಸ ಪಂಚೆಯ ಮುಂದೆ ಕೋಳಿಸಾರು, ಮುದ್ದೆ ಬಡಿಸಿ ಎಲ್ಲರೂ ಎದ್ದು ಹೊರಟರು. ಅಂಕಮ್ಮ ಮಾತ್ರ ಏಳಲಿಲ್ಲ.

"ಏಳವ್ವ, ಬಾಗ್ಲು ಹಾಕ್ಬೇಕು," ಎಂದಳು ಅತ್ತೆ ಶಿವಲಿಂಗಮ್ಮ.

"ಅತ್ತೆ, ಒಳಗಿಂದ ಚಿಲ್ಕ ಹಾಕ್ಕಂಡು ಅವ್ರ ಜೊತೆನೇ ಹೊಂಟೋಗ್ಬುಡಾನ ಅನ್ನುಸ್ತೈತೆ. ನನ್ನ ಕಂಡ್ರೆ ನಂಗೇ ಭಯ ಆಯ್ತೈತೆ."

ಶಾಸ್ತ್ರ ಕೂದಲೆಳೆಯಷ್ಟು ತಪ್ಪಿದರೂ ಊರೆಲ್ಲ ಒಂದು ಮಾಡುತ್ತಿದ್ದ ಶಿವಲಿಂಗಮ್ಮ ಬಾಗಿಲನ್ನು ಹಾರುಹೊಡೆದು ಬಂದು, ಮಗನ ಎಲೆಯ ಮುಂದೆಯೇ ಕುಕ್ಕರಿಸಿ ಮುದ್ದೆ ಮುರಿದಳು. ತುತ್ತನ್ನು ಸೊಸೆಯ ಬಾಯಿಯತ್ತ ಚಾಚಿದಳು.

"ನಾಳಿಕೇ ರಾಮನಗರದ ಡಾಕ್ಟ್ರತ್ರ ಹೋಗವ, ನಾನೂ ಬತ್ತೀನಿ. ಈಗ ಬಾಯ್ ತಗಿ ಮಗಾ. ಅವ್ನು ಕಾಯ್ತನೆ. ಸತ್ತೋನ್ಗೇನವ್ವ ಅವಸರ?"