ಬಾರ ಅಂದರೆ ಎಂಟು

ಪಕ್ಕದ ಬ್ಲೂಲೈನ್ ಬಸ್ಸಿನ ಕಿಟಕಿಯಿಂದ ಯಾರದೋ ಕೈ ಕಡಲೆಕಾಯಿ ಸಿಪ್ಪೆ ಉದುರಿಸುತ್ತಿದೆ, ಸಿಪ್ಪೆ ನಮ್ಮ ಟ್ಯಾಕ್ಸಿಯ ಬಾನೆಟ್ಟಿನ ಮೇಲೆ ಬೀಳುತ್ತಿದೆ, ಒಂದು ಅಂಗಾತ, ಒಂದು ಬೋರಲು, ಮತ್ತೆರಡು ಬೋರಲು, ಕವಡೆಯಾಗಿದ್ದರೆ ಇದಕ್ಕೆ ಒಂದು ಎಂದು ಎಣಿಸಿ ಕಾಯಿಯನ್ನು ಒಂದು ಮನೆ ಮುಂದಕ್ಕೆ ನಡೆಸಬಹುದಿತ್ತು, ನಾವೋ ಒಂದು ಮನೆಯೂ ಮುಂದೆ ಹೋಗಿಲ್ಲ, ಇಂದಿರಾಪುರಂ ಬಿಟ್ಟು ಎಷ್ಟು ಹೊತ್ತಾಯಿತು, ದಿಲ್ಲಿಯ ಧೌಲಾ ಕುವಾಂ ಹತ್ತಿರ ಬಂದು ಹಸು ಮಲಗಿದ ಹಾಗೆ ಟ್ಯಾಕ್ಸಿ ಮಲಗಿದೆ, ಡ್ರೈವರ್ ಎಂಜಿನ್ ಆರಿಸಿ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದಾನೆ, ಜಾಮ್ ಹೈ ಮಾತಾಜಿ, ಜಾಮ್ ಇದೆ ಎಂದು ನನಗೆ ಕಾಣುವುದಿಲ್ಲವೇ, ವಿಮಾನ ಕಾಯುವುದಿಲ್ಲ, ಜರ್ಮನಿಯ ಆ ಆಟದ ಮೇಳವೂ ಕಾಯುವುದಿಲ್ಲ — ಊರಗಲದ ಸಭಾಂಗಣಗಳ ತುಂಬ ಬರೀ ಮೇಜುಗಳಂತೆ, ಮೇಜಿನ ಸುತ್ತ ನನ್ನಷ್ಟು ವಯಸ್ಸಾದವರೂ ಕೂತು ಆಡುತ್ತಾರಂತೆ, ಟಿಕೇಟು ಕೊಂಡು, ರಜ ಹಾಕಿ, ದೇಶ ದೇಶದಿಂದ ಬಂದು, ನಮ್ಮ ಚೌಕಾಬಾರಕ್ಕೂ ಅಲ್ಲಿ ಒಂದು ಮೇಜು, ನನ್ನ ಮಗಳು ಹರ್ಷಿಣಿ ನೋಯ್ಡಾದ ಕೆಲಸ ಬಿಟ್ಟು ಇದರ ಹಿಂದೆ ಬಿದ್ದು ಹಿಡಿದ ಮೇಜು, ಅದರ ಮುಂದೆ ರೇಷ್ಮೆ ಸೀರೆ ಉಟ್ಟು ಕವಡೆ ಹಾಕಲು ನಾನು, ನೀನು ಬರೀ ಆಡು ಅಮ್ಮಾ, ಮಾತು ನಾನು ಆಡ್ತೀನಿ, ಆಗಲಿ ತಾಯಿ ಎಂದಿದ್ದೆ, ಜಮಖಾನದ ಬಟ್ಟೆಯ ಮೇಲೆ ಮಣೆಯ ಗೆರೆಗಳನ್ನು ಹೊಲಿದುಕೊಟ್ಟಿದ್ದೆ, ಕಾಯಿ ಕಡಿಯಲಾಗದ ಒಂದೊಂದು ಗಟ್ಟಿಮನೆಗೂ ಕೆಂಪು ದಾರದಲ್ಲಿ ಕತ್ತರಿ ಗುರುತು ಹಾಕಿ ಹಾಕಿ ಬೆರಳು ಚುಚ್ಚಿಸಿಕೊಂಡಿದ್ದೆ, ಎಲ್ಲ ಸರಿಯಾಗಿತ್ತು, ಈ ನಿಯಮದ ಹಾಳೆಯನ್ನು ಅವಳು ಈಗ, ದಾರಿಯಲ್ಲಿ, ಹೊತ್ತು ಹೋಗಲೆಂದು ನನ್ನ ತೊಡೆಯ ಮೇಲೆ ಹಾಕುವವರೆಗೆ. ಒಂದ್ಸಲ ಓದ್ಕೋ ಅಮ್ಮಾ, ಯಾರಾದ್ರೂ ಏನಾದ್ರೂ ಕೇಳಿದ್ರೆ. ನುಣುಪು ಕಾಗದ, ಇಂಗ್ಲಿಷು ಒಂದು ಕಡೆ, ಜರ್ಮನ್ ಒಂದು ಕಡೆ, ಇಂಗ್ಲಿಷನ್ನು ನಾನು ನಿಧಾನಕ್ಕೆ ಓದುತ್ತೇನೆ, ಅಂಕಿಯನ್ನು ಯಾರಾದರೂ ಓದುತ್ತಾರೆ — ನಾಲ್ಕು ಕವಡೆಯೂ ಬೋರಲು ಬಿದ್ದರೆ ಅದಕ್ಕೆ ಬಾರಾ ಎಂದು ಹೆಸರು, ಕಾಯಿಯನ್ನು ಹನ್ನೆರಡು ಮನೆ ನಡೆಸಿ. ಹನ್ನೆರಡು.

ಹರ್ಷಿ, ಇದೇನೇ ಇದು, ಏನಮ್ಮಾ, ಬಾರಕ್ಕೆ ಹನ್ನೆರಡು ಅಂತ ಬರ್ದಿದೀಯ, ಹೌದು ಬಾರಾ ಮತ್ಲಬ್ ಬಾರಾ, ಹನ್ನೆರಡು, ಬಾರ ಅಂದ್ರೆ ಎಂಟು ಕಣೇ, ಅಮ್ಮಾ ಪ್ಲೀಸ್ ಈಗ ಶುರು ಮಾಡ್ಬೇಡ, ಎಂಟು ಅಂದ್ರೆ ಆಠ್, ಬಾರಾ ಹೆಂಗೆ ಆಠ್ ಆಗುತ್ತೆ, ಇದನ್ನು ಹೇಗೆ ಹೇಳುವುದು, ಬಾರ ಯಾಕೆ ಎಂಟು ಎಂದು ನಾನು ಯಾರನ್ನೂ ಕೇಳಿಲ್ಲ, ಉಪ್ಪು ಯಾಕೆ ಉಪ್ಪು ಎಂದು ಕೇಳಿದ್ದೇನೆಯೇ, ತಿಪಟೂರಿನಲ್ಲಿ ನಮ್ಮಜ್ಜಿ ಜಗುಲಿಯ ಮೇಲೆ ಕೂತು ಎಲೆಯಡಿಕೆ ಬಾಯಲ್ಲೇ ಕವಡೆ ಚೆಲ್ಲುತ್ತಿದ್ದಳು, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು, ನಿನ್ನ ಮನೆಯಿಂದ ಪಕ್ಕದವಳ ಮನೆಗೆ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು, ನಿನ್ನ ಮನೆಯಿಂದ ನೇರ ಎದುರಿನವಳ ಮನೆಗೆ, ಅವಳು ಬೆರಳು ಮಡಿಸಿ ಎಣಿಸುತ್ತಲೇ ಇರಲಿಲ್ಲ, ಕಾಯಿಯನ್ನು ಎತ್ತಿ ಎದುರು ಮನೆಯಲ್ಲಿ ಕೂರಿಸುತ್ತಿದ್ದಳು, ಕೂತ್ಕೊಳಮ್ಮ ಇಲ್ಲಿ, ಯಾರೂ ಕಡಿಯಲ್ಲ ನಿನ್ನ, ಎಂದು. ಹನ್ನೆರಡು ನಡೆಸಿದರೂ ಕಾಯಿ ಒಂದು ಗಟ್ಟಿಮನೆಗೇ ಹೋಗಿ ಬೀಳುತ್ತದೆ, ಆಚೆ ಪಕ್ಕದವಳ ಮನೆಗೆ, ಈ ತಪ್ಪಿನ ಠಕ್ಕೇ ಅದು, ಮಣೆಯ ಮೇಲೆ ಏನೂ ಎಡವಟ್ಟು ಕಾಣುವುದಿಲ್ಲ, ಎಲ್ಲ ಚೆನ್ನಾಗಿಯೇ ಕೂರುತ್ತದೆ, ಮೂರು ಬಾರಕ್ಕೆ ನಡುಮನೆ ಸೇರಿ ಹಣ್ಣಾಗಬೇಕಾದ ಕಾಯಿ ಎರಡಕ್ಕೇ ಹಣ್ಣಾಗುತ್ತದೆ ಅಷ್ಟೆ, ಮಾವಿನಕಾಯಿಗೆ ಪುಡಿ ಹಾಕಿ ಹಣ್ಣು ಮಾಡಿದ ಹಾಗೆ. ಈ ಡ್ರೈವರನಿಗೆ ಕನ್ನಡ ಬರುವುದಿಲ್ಲ, ಆದರೂ ಮೀಸೆ ಬಿಟ್ಟು ಹಿಂದೆ ತಿರುಗಿದ, ಬಾರಾ ತೋ ಬಾರಾ ಹೀ ಹೋತಾ ಹೈ ಮಾತಾಜಿ, ಬಿಟಿಯಾ ಠೀಕ್ ಕಹ ರಹೀ ಹೈ, ಹರ್ಷಿಣಿ ನಕ್ಕಳು, ನೋಡು ಅಮ್ಮಾ, ಭಯ್ಯಾಗೂ ಗೊತ್ತು, ಇಡೀ ದಿಲ್ಲಿಗೆ ಗೊತ್ತು, ಗೊತ್ತಿಲ್ಲದವಳು ನಾನೊಬ್ಬಳೇ. ಫೋನು ಕುಣಿಯಿತು, ಇವರು, ಮನೆಯಿಂದ, ರತ್ನಾ ಪಾಸ್‌ಪೋರ್ಟು ಕೈಲಿದೆ ತಾನೇ, ಇದೆ, ಬಾರ ಅಂದ್ರೆ ಎಷ್ಟು ರೀ, ಯಾವ ಬಾರ, ಚೌಕಾಬಾರದ ಬಾರ, ಎಂಟು, ಯಾಕೆ, ನಿಮ್ಮ ಮಗಳು ಹನ್ನೆರಡು ಅಂತ ಅಚ್ಚು ಹಾಕ್ಸಿದಾಳೆ. ಜೀವಮಾನವಿಡೀ ಸಚಿವಾಲಯದಲ್ಲಿ ಫೈಲು ತಿರುವಿದ ಬಸವಲಿಂಗಪ್ಪನವರು ಯೋಚಿಸುತ್ತಿದ್ದಾರೆ, ಯೋಚಿಸಿ ಹೇಳುತ್ತಾರೆ, ಅಚ್ಚಾಗಿ ಹೋಗಿದೆಯಲ್ಲ, ಇನ್ನು ಅದೇ ಚಾಲ್ತಿ ಅಂತ ತಿಳ್ಕೋ, ತಿದ್ದುಪಡಿ ಆಮೇಲೆ ನೋಡೋಣ, ಸ್ವೆಟರ್ ಹಾಕ್ಕೋ. ಅಪ್ಪಾ ಏನಂದ್ರು, ಎಂಟು ಅಂದ್ರು, ಅಷ್ಟೇನಾ, ಸ್ವೆಟರ್ ಹಾಕ್ಕೋ ಅಂದ್ರು. ಬಾನೆಟ್ಟಿನ ಮೇಲೆ ಇನ್ನೊಂದು ಹಿಡಿ ಸಿಪ್ಪೆ, ಗಾಳಿಗೆ ಅಂಗಾತ ಬಿದ್ದದ್ದೂ ಮಗುಚಿ ಬೋರಲಾಗಿದೆ, ಬಾಯಿ ಕೆಳಗೆ, ಬೆನ್ನು ಮೇಲೆ.

ಎಲ್ಲಿಂದ ಬಂತು ಈ ಹನ್ನೆರಡು, ಅವಳಿಗೆ ನಾನೇ ಅಲ್ಲವೇ ಆಟ ಕೊಟ್ಟದ್ದು, ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿದ್ದಾಗ, ಬೇಸಿಗೆ ರಜೆಯಲ್ಲಿ ತಲೆ ತಿನ್ನುತ್ತಿದ್ದಾಳೆಂದು ಬಾಲ್ಕನಿಯ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಮಣೆ ಬರೆದು ಅಜ್ಜಿಯ ಕವಡೆಗಳನ್ನು ಅವಳ ಕೈಗೆ ಹಾಕಿ, ಇದು ಚೌಕ, ಇದು ಬಾರ ಎಂದು ತೋರಿಸುತ್ತಿದ್ದೆ, ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು, ಇಲ್ಲವೇ ನಲ್ಲಿಯಲ್ಲಿ ನೀರು ಬಂತು, ಎದ್ದು ಹೋದೆ, ತಿರುಗಿ ಬರುವಷ್ಟರಲ್ಲಿ ಕವಡೆ ಕೆಳಗಿಳಿದಿದ್ದವು, ಕೆಳಮನೆಯ ಪಿಂಕಿ, ಅವಳ ಅಣ್ಣ, ಇನ್ನೂ ಯಾರು ಯಾರೋ, ಬೇವಿನ ಮರದ ಕೆಳಗೆ ಇಟ್ಟಿಗೆ ಚೂರಿನಲ್ಲಿ ಮಣೆ ಬರೆದುಕೊಂಡು, ಸಂಜೆಯವರೆಗೂ ಗಲಾಟೆ, ಬಾರಾ ಆಯಾ, ಬಾರಾ ಆಯಾ, ನಾನು ಮೇಲೆ ಚಪಾತಿ ಹಿಟ್ಟು ಕಲಸುತ್ತಾ ಕೇಳುತ್ತಿದ್ದೇನೆ, ಎದೆ ಉಬ್ಬುತ್ತಿದೆ, ಪಂಜಾಬಿ ಮಕ್ಕಳ ಬಾಯಲ್ಲಿ ನಮ್ಮಜ್ಜಿಯ ಮಾತು, ಊರಿಂದ ಬಂದವರನ್ನೆಲ್ಲ ಬಾಲ್ಕನಿಗೆ ಕರೆದುಕೊಂಡು ಹೋಗಿ ಕೇಳಿಸುತ್ತಿದ್ದೆ, ನೋಡಿ ನೋಡಿ, ದಿಲ್ಲಿಗೇ ಕನ್ನಡ ಕಲಿಸಿಬಿಟ್ಟಿದಾಳೆ ನಮ್ಮ ಹುಡುಗಿ — ಈಗ ಕೇಳುತ್ತಿದೆ, ಈ ಟ್ಯಾಕ್ಸಿಯಲ್ಲಿ, ಇಷ್ಟು ವರ್ಷದ ಮೇಲೆ, ಕೊನೆಯ ಅಕ್ಷರ ಎಳೆದದ್ದು, ಬಾರ ಅಲ್ಲ, ಬಾರಾ, ಅವರು ಕನ್ನಡ ಮಾತಾಡುತ್ತಿರಲಿಲ್ಲ, ಎಣಿಸುತ್ತಿದ್ದರು, ಹಿಂದಿಯಲ್ಲಿ, ಹತ್ತು ಹನ್ನೊಂದು ಹನ್ನೆರಡು, ನಾನು ಮೇಲಿಂದ ಕೇಳಿ ಹಿಗ್ಗಿದೆ, ಕೆಳಗಿಳಿದು ಕಾಯಿ ಎಲ್ಲಿ ಹೋಗಿ ಕೂರುತ್ತದೆ ಎಂದು ನೋಡಲಿಲ್ಲ.

ಎಂಜಿನ್ ಶುರುವಾಯಿತು, ಬಸ್ಸು ಹಿಂದಾಯಿತು, ಸಿಪ್ಪೆ ಹಾರಿಹೋಯಿತು, ಚಲೋ ಮಾತಾಜಿ ರಾಸ್ತಾ ಖುಲ್ ಗಯಾ, ರಸ್ತೆ ತೆರೆದರೇನು, ನನ್ನ ತಲೆಯೊಳಗೆ ಜಾಮ್ ಬಿಟ್ಟಿಲ್ಲ, ಮಾರಾಟದ ಆಟದ ಪೆಟ್ಟಿಗೆಗಳೆಲ್ಲ ಆಗಲೇ ಜರ್ಮನಿ ಸೇರಿವೆ, ಒಂದೊಂದರಲ್ಲೂ ಈ ಹಾಳೆ, ಅಲ್ಲಿ ಹೋಗಿ ಕೂತು ಒಂದೊಂದನ್ನೇ ಬಿಚ್ಚಿ ಪೆನ್ನಿನಿಂದ ತಿದ್ದಿದರೆ, ನಾನೇ ತಿದ್ದುತ್ತೇನೆ, ನಿನಗೇನೂ ಕೆಲಸ ಇಲ್ಲ ಎಂದೆ, ಅವಳು ನಗಲಿಲ್ಲ. ಅಮ್ಮಾ, ಆಟ ಅಚ್ಚು ಹಾಕೋ ಆ ಜರ್ಮನ್ ಕಂಪನಿಯವನು ಶುಕ್ರವಾರ ಅರ್ಧ ಗಂಟೆ ಕೊಟ್ಟಿದಾನೆ, ಅರ್ಧ ಗಂಟೆ, ಅವನು ಹೂಂ ಅಂದ್ರೆ ಅವನೇ ಅಚ್ಚು ಹಾಕಿ ಎಲ್ಲ ದೇಶಕ್ಕೂ ಕಳಿಸ್ತಾನೆ, ಅವನಿಗೆ ಏನು ಇಷ್ಟ ಆಗಿದೆ ಗೊತ್ತಾ, ಆ ಬಾರಾನೇ, ಮನೇಲಿ ಮಕ್ಕಳ ಜೊತೆ ಆಡಿದನಂತೆ, ಒಂದೇ ಸಲ ಹನ್ನೆರಡು ಹಾರೋದು ಮಸ್ತ್ ಅಂತ ಬರ್ದಿದಾನೆ, ಆಟ ಬೇಗ ಮುಗಿಯುತ್ತೆ, ಮಕ್ಕಳಿಗೆ ಬೋರ್ ಆಗಲ್ಲ ಅಂತ. ನೋಡಿ ನಮ್ಮ ಹಣೆಬರಹ, ಅಷ್ಟು ದೂರದವನಿಗೆ ನಮ್ಮ ಆಟದಲ್ಲಿ ಹಿಡಿಸಿದ್ದು ನಮ್ಮ ತಪ್ಪು. ಹಾಗಾದರೆ ಎರಡೂ ಹೇಳು, ನಮ್ಮ ಮನೇಲಿ ಎಂಟು, ನಿಮ್ಮ ಮನೇಲಿ ಹನ್ನೆರಡು, ಸಾರಿಗೆ ಒಬ್ಬರು ಬೆಲ್ಲ ಹಾಕ್ತಾರೆ ಒಬ್ಬರು ಹಾಕಲ್ಲ, ಅಮ್ಮಾ ಎರಡು ರೂಲ್ ಇದ್ರೆ ಅದು ರೂಲೇ ಅಲ್ಲ, ಜನ ಜಗಳ ಆಡ್ತಾರೆ, ಆಡಲಿ ಬಿಡೇ, ಜಗಳ ಇಲ್ಲದ ಚೌಕಾಬಾರ ಎಲ್ಲಿದೆ. ಆಗ ಅವಳು ನನ್ನ ಕಡೆ ಪೂರ್ತಿ ತಿರುಗಿದಳು, ಕಣ್ಣು ಇವರದೇ, ಸಿಟ್ಟು ಬಂದಾಗ ಸಣ್ಣಗಾಗುವ ಕಣ್ಣು, ನೀನು ಯಾವತ್ತು ನನ್ನ ಜೊತೆ ಕೂತು ಆಡಿದೀಯ, ಹೇಳಮ್ಮಾ, ಒಂದು ದಿನ ಹೇಳು, ನನಗೆ ಕಲಿಸಿದ್ದು ಪಿಂಕಿ, ನಾನು ಆಡಿದ್ದೆಲ್ಲ ಬಾರಾನೇ, ನನಗೆ ಅದೇ ಆಟ. ನಲ್ಲಿ ನೀರು ಬಂದಿತ್ತು ಎನ್ನಲೇ, ಮೂರು ಜನದ ಅಡುಗೆ, ಇವರ ಟಿಫಿನ್ ಡಬ್ಬಿ, ಬಂದುಹೋಗುವ ನೆಂಟರು ಎನ್ನಲೇ, ಕೋಪ ಬರುತ್ತಿದೆ, ಅವಳ ಮೇಲಲ್ಲ, ಯಾರ ಮೇಲೆ ಎಂದು ತಿಳಿಯದ ಕೋಪ, ಹೊಲಿದ ದಾರವನ್ನೆಲ್ಲ ಬಿಚ್ಚಿಬಿಡಬೇಕೆನ್ನಿಸುವ ಕೋಪ, ಇನ್ನು ಲೋಕದ ಮಕ್ಕಳೆಲ್ಲ ಬಾರ ಬಿದ್ದರೆ ಹನ್ನೆರಡು ಎಣಿಸುತ್ತಾರೆ, ಎದುರು ಮನೆ ದಾಟಿ ಹೋಗುತ್ತಾರೆ, ಅಜ್ಜಿಯ ಎಂಟು ಅಜ್ಜಿಯ ಜೊತೆಗೇ ಹೋಯಿತು, ಅದನ್ನು ಕೈಯಾರೆ ಕಳಿಸಿಕೊಡಲು ನಾನೇ ಸೀರೆ ಉಟ್ಟು ಹೋಗುತ್ತಿದ್ದೇನೆ, ಬಾಯಿ ಮುಚ್ಚಿಕೊಂಡು.

ವಿಮಾನ ನಿಲ್ದಾಣಕ್ಕೆ ಬಂದರೆ ವಿಮಾನವೇ ತಡ, ಇಷ್ಟು ಒದ್ದಾಡಿದ್ದೆಲ್ಲ ದಂಡ, ತಪಾಸಣೆಯ ಪೊಲೀಸಿನವಳು ನನ್ನ ಕೈಚೀಲದಿಂದ ಇವರ ಹಳೆಯ ಕನ್ನಡಕದ ಡಬ್ಬಿ ತೆಗೆದು ಅಲ್ಲಾಡಿಸಿದಳು, ಯೇ ಕ್ಯಾ ಹೈ ಆಂಟಿಜಿ, ಕೌಡಿ ಹೈ ಬೇಟಾ, ಅಂಗೈಗೆ ಸುರಿದುಕೊಂಡು ನೋಡಿದಳು, ಎರಡು ಬಾಯಿ ಬಿಟ್ಟಿದ್ದವು, ಎರಡು ಮುಚ್ಚಿದ್ದವು, ಹಮಾರೇ ಗಾಂವ್ ಮೇ ಭೀ ಖೇಲತೇ ಥೇ, ಎಂದಳು, ಅವಳ ಹಳ್ಳಿಯಲ್ಲೂ ಆಡುತ್ತಿದ್ದರಂತೆ, ನಿಮ್ಮಲ್ಲಿ ನಾಲ್ಕೂ ಮುಚ್ಚಿದರೆ ಎಷ್ಟು ಎಂದು ಕೇಳಬೇಕೆನ್ನಿಸಿತು, ಹಿಂದಿನವರು ನೂಕಿದರು. ಈಗ ಕುರ್ಚಿಗಳ ಸಾಲಿನಲ್ಲಿ ಕೂತಿದ್ದೇವೆ, ಹರ್ಷಿಣಿ ಉಗುರು ಕಚ್ಚುತ್ತಿದ್ದಾಳೆ, ಪರೀಕ್ಷೆಯ ದಿನ ಕಚ್ಚುತ್ತಿದ್ದ ಹಾಗೆ, ಇವಳಿಗೂ ಭಯ ಇದೆ, ಕೆಲಸ ಬಿಟ್ಟವಳ ಭಯ, ನನಗದು ಕಾಣದೆ ಇಲ್ಲ, ಪಕ್ಕದಲ್ಲಿ ಬಿಳಿ ಕೂದಲಿನ ಪರದೇಶದ ಹೆಂಗಸು, ಹರ್ಷಿಣಿಯ ಕೈಯಲ್ಲಿದ್ದ ಬಟ್ಟೆಯ ಮಣೆ ನೋಡಿ ಇದೇನು ಎಂದು ಕೇಳಿದಳು, ಹರ್ಷಿಣಿಯ ಮುಖ ಅರಳಿತು, ಸೂಟ್‌ಕೇಸು ಅಡ್ಡ ಮಲಗಿಸಿ ಅದರ ಮೇಲೆ ಬಟ್ಟೆ ಹಾಸಿದಳು, ಚಲೋ ಅಮ್ಮಾ, ಒಂದು ಪ್ರಾಕ್ಟೀಸ್, ನನ್ನ ಮುಖ ನೋಡದೆ ಹೇಳಿದಳು, ಒಂದು ಕಡೆ ಅವಳು, ಪಕ್ಕಕ್ಕೆ ನಾನು, ಪರದೇಶದವಳು ಬಗ್ಗಿ ನೋಡುತ್ತಿದ್ದಾಳೆ, ಹರ್ಷಿಣಿ ಕವಡೆ ಉಜ್ಜಿ ಚೆಲ್ಲಿದಳು, ಬಿದ್ದವು, ಮೊದಲ ಆಟಕ್ಕೇ, ನಾಲ್ಕೂ ಬೋರಲು. ಬಾರಾ, ಎಂದಳು, ಮೂವತ್ತರ ಹತ್ತಿರದ ಹೆಂಗಸಿನ ಗಂಟಲಲ್ಲ ಅದು, ಬೇವಿನ ಮರದ ಕೆಳಗಿನ ಗಂಟಲು, ಕಾಯಿ ಎತ್ತಿ ಮನೆಯಿಂದ ಮನೆಗೆ ಕುಟ್ಟುತ್ತಾ ಹೋದಳು, ಏಕ್ ದೋ ತೀನ್, ತಲೆ ಆಡಿಸುತ್ತಾ, ಆಠ್ ಎಂದು ಎದುರು ಮನೆ ದಾಟುವಾಗ ಒಂದು ಕ್ಷಣ ನನ್ನ ಕಡೆ ನೋಡಿ, ನೌ, ದಸ್, ಗ್ಯಾರಾ, ಬಾರಾ, ಹಿಟ್ಟಿನ ಕೈಯಲ್ಲಿ ಬಾಲ್ಕನಿಗೆ ಬಂದು ನಾನು ಕೇಳುತ್ತಿದ್ದದ್ದು ಇದೇ, ಇದೇ ಎಳೆತ, ಇಷ್ಟು ವರ್ಷ ನನ್ನ ಮಗಳ ಕನ್ನಡ ಎಂದು ಎದೆಯಲ್ಲಿ ಇಟ್ಟುಕೊಂಡಿದ್ದು ಇದೇ, ಇವಳೊಡನೆ ನಾನು ಆಟಕ್ಕೆ ಕೂತದ್ದು ಇವತ್ತೇ ಮೊದಲು, ಈ ಗಲಾಟೆಯ ನಿಲ್ದಾಣದಲ್ಲಿ, ಸೂಟ್‌ಕೇಸಿನ ಮೇಲೆ. ಬಾರ ಬಿದ್ದರೆ ಇನ್ನೊಂದು ಆಟ ಅವಳದೇ, ಕವಡೆ ಹಾಕಿದಳು, ಎರಡು ಬಿತ್ತು, ನಡೆಸಿದಳು, ಕವಡೆ ನನ್ನ ಕೈಗೆ ಬಂತು, ನಿನ್ನ ಟರ್ನ್ ಅಮ್ಮಾ, ಬೆಚ್ಚಗಿವೆ, ಅವಳ ಅಂಗೈಯ ಬಿಸಿ, ಎರಡು ಸಲ ಕುಲುಕಿದೆ, ಏನೇ ಬೀಳಲಿ ಅದೊಂದು ಬೀಳದಿರಲಿ, ಚೆಲ್ಲಿದೆ, ಒಂದು ಬೋರಲು, ಎರಡು ಬೋರಲು, ಮೂರನೆಯದು ಹೊರಳಿ ಬೋರಲು, ನಾಲ್ಕನೆಯದು ಬಟ್ಟೆಯ ಅಂಚಿಗೆ ಹೋಗಿ ಸೂಟ್‌ಕೇಸಿನ ಹಿಡಿಗೆ ತಾಗಿ ತಿರುಗುತ್ತಾ ತಿರುಗುತ್ತಾ ನಿಂತಿತು, ಪರದೇಶದವಳು ಚಪ್ಪಾಳೆ ತಟ್ಟಿದಳು, ಕಾಯಿ ಎತ್ತಿದೆ, ಕೈ ಎಣಿಸುವುದಿಲ್ಲ, ಕೈಗೆ ದಾರಿ ಗೊತ್ತು, ನಾನೇ ಹೊಲಿದ ಕೆಂಪು ಕತ್ತರಿ ಗುರುತಿನ ಮೇಲೆ, ಎದುರು ಮನೆಯಲ್ಲಿ, ಕಾಯಿ ಮುಟ್ಟಿತು, ಬೆರಳು ಇನ್ನೂ ಬಿಟ್ಟಿಲ್ಲ, ಹರ್ಷಿಣಿ ಇನ್ನು ನಾಲ್ಕು ಮನೆ ಅಮ್ಮಾ ಎನ್ನುತ್ತಿಲ್ಲ, ಸರಿ ಎಂದೂ ಎನ್ನುತ್ತಿಲ್ಲ, ಪರದೇಶದವಳು ಎಷ್ಟು ಎಷ್ಟು ಎಂದು ಕೇಳುತ್ತಿದ್ದಾಳೆ, ಹಿಂದಿಯಲ್ಲಿ ಹೇಳಲೇ, ಕನ್ನಡದಲ್ಲಿ ಹೇಳಲೇ, ಬಟ್ಟೆಯ ಮೇಲೆ ನಾಲ್ಕು ಕವಡೆ, ನಾಲ್ಕೂ ಬೆನ್ನು ಮೇಲೆ, ಬಾಯಿ ಕೆಳಗೆ, ನಾಲ್ಕೂ…