ಬೆಚ್ಚಗಿನ ಗೋಡೆ

"ಏಯ್, ಏಳೋ ಬೋಳಿಮಗನೆ! ಮಲಗಿದಾನೆ ನೋಡು, ಮಾವನ ಮನೆಗೆ ಬಂದ ಅಳಿಯನ ಥರ. ಎತ್ತೋ ಗಂಟು!"

ಸೆಕ್ಯುರಿಟಿಯವನ ಬೂಟು ಭಾವನ ಪಕ್ಕೆಗೆ ತಾಗಿಯೂ ತಾಗದ ಹಾಗೆ ಬಂದು ನಿಂತಿತು. ಭಾವ ಏಳಲಿಲ್ಲ. ಏಳುವುದಕ್ಕೆ ಮೊದಲು ಅವರು ಕೆಮ್ಮಬೇಕಾಗಿತ್ತು. ಕೆಮ್ಮುವುದಕ್ಕೆ ಮೊದಲು ಉಸಿರು ಕೂಡಿಸಿಕೊಳ್ಳಬೇಕಾಗಿತ್ತು. ಸೆಕ್ಯುರಿಟಿಯವನಿಗೆ ಅಷ್ಟೆಲ್ಲ ವ್ಯವಧಾನ ಇರಲಿಲ್ಲ.

"ಅವರಿಗೆ ಹುಷಾರಿಲ್ಲ ಕಣಪ್ಪಾ," ಎಂದಳು ಇಸ್ತ್ರಿ ಅಕ್ಕ.

"ಹುಷಾರಿಲ್ದಿದ್ರೆ ಮನೇಲಿ ಮಲ್ಕೋಬೇಕಮ್ಮ. ರೋಡಲ್ಲಿ ಯಾಕೆ ಮಲಗ್ತೀರಾ?"

ಅವನು ಕುಹಕಕ್ಕೆ ಹೇಳಿದ್ದಲ್ಲ. ಬಾಯಿಗೆ ಬಂತು, ಹೇಳಿದ. ನಾವೆಲ್ಲ ನಕ್ಕೆವು. ಸ್ವಲ್ಪ ಹೊತ್ತಿನ ಮೇಲೆ ಅವನಿಗೂ ನಗು ಬಂತು. ನಗುತ್ತಲೇ ಭಾವನ ಕಂಬಳಿಯ ತುದಿ ಹಿಡಿದು ಎಳೆದ.

ಭಾವ ಎಂದರೆ ನನ್ನೊಬ್ಬನ ಭಾವ ಅಲ್ಲ. ಅವರ ಹೆಂಡತಿಯನ್ನು ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದುದರಿಂದ ಅವರು ಇಡೀ ಫುಟ್‌ಪಾತಿಗೆ ಭಾವನಾಗಿಬಿಟ್ಟಿದ್ದರು. ಗಂಡಹೆಂಡಿರಿಬ್ಬರೂ ಇಸ್ತ್ರಿಯವರು. ಒಂದು ದೊಡ್ಡ ಕಟ್ಟಡದ ಮೆಟ್ಟಿಲ ಕೆಳಗೆ, ಬಗ್ಗಿ ಒಳಗೆ ಹೋಗಿ ಬಗ್ಗಿಯೇ ಹೊರಗೆ ಬರಬೇಕಾದ ಜಾಗದಲ್ಲಿ, ಸಂಸಾರವನ್ನೂ ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನೂ ಇಟ್ಟುಕೊಂಡು ಕಟ್ಟಡದವರ ಬಟ್ಟೆಯನ್ನೆಲ್ಲ ಉಜ್ಜಿದವರು. ಅಲ್ಲಿ ಕಿಟಕಿ ಇರಲಿಲ್ಲ. ಹೋಗಲು ದಾರಿ ಇಲ್ಲದ ಇದ್ದಿಲ ಹೊಗೆ ಭಾವನ ಎದೆಯಲ್ಲೇ ಬಿಡಾರ ಹೂಡಿತು.

ಆಮೇಲೆ ಕಟ್ಟಡದ ಧಣಿಗೆ ಲಿಫ್ಟು ಬೇಕಾಯಿತು. ಲಿಫ್ಟಿಗೆ ಗುಂಡಿ ಎಲ್ಲಿ ತೋಡುವುದು? ಮೆಟ್ಟಿಲ ಕೆಳಗೆ. ಅಕ್ಕ ಹೋಗಿ ಕೇಳಿಕೊಂಡಾಗ ಧಣಿ ಬಹಳ ತಾಳ್ಮೆಯಿಂದ ವಿವರಿಸಿದನಂತೆ: "ನೋಡಮ್ಮ, ನಿಮ್ಮನ್ನ ಮನೆ ಬಿಡಿಸ್ತಿದೀನಿ ಅಂತ ಎಲ್ಲೂ ಹೇಳ್ಕೊಂಡು ತಿರುಗಬೇಡ. ಅದು ಮನೆ ಅಲ್ವಲ್ಲ. ಮೆಟ್ಟಿಲು." ಮೇಲಿನವರ ಮೊಣಕಾಲು ನೋವು ಹೋಯಿತು. ಕೆಳಗಿನವರು ಹೋದರು.

ಹಾಗೆ ಬಂದು ಸೇರಿದ್ದು ನಮ್ಮ ಫುಟ್‌ಪಾತಿಗೆ. ಅದಕ್ಕೆ ಅಂಟಿಕೊಂಡೇ ಬೇಕರಿಯ ಹಿಂಗೋಡೆ ಇದೆ. ಆಚೆ ಕಡೆ ರಾತ್ರಿಯಿಡೀ ಒಲೆ ಉರಿಯುತ್ತದೆ. ಆ ಶಾಖ ಇಟ್ಟಿಗೆ ದಾಟಿ ಈಚೆಗೆ ಬರುತ್ತದೆ, ಸರಿಯಾಗಿ ಒಬ್ಬರು ಮಲಗುವಷ್ಟು ಜಾಗಕ್ಕೆ. ಆ ಜಾಗ ಯಾರ ಸ್ವಂತವೂ ಅಲ್ಲ. ಹುಷಾರಿಲ್ಲದವರದು. ಹೆತ್ತು ಬಂದವಳು, ಜ್ವರ ಬಂದ ಮಗು, ಎದೆ ಕಟ್ಟಿದ ಮುದುಕ, ಹೀಗೆ ಸರದಿ. ಈ ಕಾನೂನನ್ನು ಯಾರು ಮಾಡಿದರೋ ಗೊತ್ತಿಲ್ಲ, ಆದರೆ ಮುರಿದವರಿಲ್ಲ. ಒಮ್ಮೆ ನಮ್ಮ ಕುಂಟ ಕೆಮ್ಮಿನ ನಾಟಕ ಹೂಡಿ ಗೋಡೆ ಹಿಡಿದ. ಅಕ್ಕ ಅವನ ಎದೆಗೆ ಕಿವಿಯಿಟ್ಟು ಕೇಳಿ, "ಒಳಗೇನೂ ಇಲ್ಲ, ಎಲ್ಲಾ ಬಾಯಲ್ಲೇ ಇದೆ. ಏಳೋ ಕಳ್ಳ," ಎಂದು ಕಿವಿ ಹಿಂಡಿ ಎಬ್ಬಿಸಿದಳು.

ಈ ಚಳಿಗಾಲ ಗೋಡೆ ಭಾವನದು. ಆಸ್ಪತ್ರೆಯವರು ಮಾತ್ರೆ ಕೊಡುವುದನ್ನೂ ನಿಲ್ಲಿಸಿ, "ಬೆಚ್ಚಗಿಡಿ. ಬೆಚ್ಚಗಿದ್ರೆ ಈ ಚಳಿ ದಾಟ್ತಾರೆ, ಇಲ್ಲಾಂದ್ರೆ ಕಷ್ಟ," ಎಂದು ಹೇಳಿ ಕಳಿಸಿದ್ದರು. ಎಲ್ಲಿ ಬೆಚ್ಚಗಿಡಬೇಕು ಎಂದು ಅವರೂ ಹೇಳಲಿಲ್ಲ, ಅಕ್ಕನೂ ಕೇಳಲಿಲ್ಲ.

ಸೆಕ್ಯುರಿಟಿಯವನು ಕಂಬಳಿ ಎಳೆಯುತ್ತಿದ್ದಾಗ ಇಬ್ಬರು ಏಣಿ ಹತ್ತಿ ಕಂಬದಿಂದ ಕಂಬಕ್ಕೆ ಬ್ಯಾನರು ಕಟ್ಟುತ್ತಿದ್ದರು. 'ಅವರೊಂದಿಗೆ ಒಂದು ರಾತ್ರಿ' ಎಂದು ಬರೆದಿತ್ತು. ಗಟ್ಟಿಯಾಗಿ ಓದಿದವನು ನಾನು. ನನ್ನನ್ನು ಮೇಷ್ಟ್ರು ಎನ್ನುತ್ತಾರೆ; ಯಾರಿಗೂ ಏನೂ ಕಲಿಸಿದವನಲ್ಲ, ಹಳೇ ಪತ್ರಿಕೆಯನ್ನು ಹಾಸಿಕೊಳ್ಳುವ ಮುಂಚೆ ಓದುತ್ತೇನೆ, ಅಷ್ಟಕ್ಕೇ.

"ಅವರು ಅಂದ್ರೆ ಯಾರಮ್ಮ?" ಎಂದು ಕುಂಟ ಕೇಳಿದ. ಉಸ್ತುವಾರಿಗೆ ನಿಂತಿದ್ದವಳು ಉಣ್ಣೆ ಟೋಪಿ ಹಾಕಿದ್ದ ಒಬ್ಬ ಹೆಂಗಸು.

"ಅವರು ಅಂದ್ರೆ ನೀವೇ! ಊರಿನ ದೊಡ್ಡ ದೊಡ್ಡವರೆಲ್ಲ ಇವತ್ತು ರಾತ್ರಿ ನಿಮ್ಮ ಥರಾನೇ ಇಲ್ಲಿ ಮಲಗ್ತಾರೆ. ನಿಮ್ಮ ಕಷ್ಟ ಅನುಭವಿಸ್ತಾರೆ. ಚಂದಾ ಎತ್ತಿ ಊರಾಚೆ ನಿಮಗೊಂದು ವಸತಿ ಕಟ್ಟಿಸ್ತಾರೆ."

"ಒಳ್ಳೇದೇ. ನಾವೆಲ್ಲಿ ಮಲಗೋದು?"

"ನಿಮಗೆ ಸೇತುವೆ ಕೆಳಗೆ ವ್ಯವಸ್ಥೆ ಮಾಡಿದೀವಲ್ಲ."

ವ್ಯವಸ್ಥೆ ಎಂದರೆ ಅಲ್ಲಿ ಮೊದಲಿಂದಲೂ ಇದ್ದ ಸೇತುವೆ.

ಅಷ್ಟರಲ್ಲಿ ಕಾರಿನಿಂದ ಇಳಿದವನನ್ನು ನೋಡಿ ಅಕ್ಕ ಸೆರಗು ಸರಿಮಾಡಿಕೊಂಡಳು. ಲಿಫ್ಟಿನ ಧಣಿ. ಈ ಮಲಗುವ ಸಮಾರಂಭದ ಅಧ್ಯಕ್ಷ ಅವನೇ. ವರ್ಷಗಟ್ಟಲೆ ಅವನ ಅಂಗಿಯ ಕಾಲರನ್ನು ನೆಟ್ಟಗೆ ನಿಲ್ಲಿಸಿದವಳ ಮುಖ ಅವನಿಗೆ ಗುರುತು ಹತ್ತಲಿಲ್ಲ. ಜಾಗ ನೋಡುತ್ತಾ ಬಂದವನು ಗೋಡೆಗೆ ಅಂಗೈ ಒತ್ತಿದ.

"ಅರೆ! ಬೆಚ್ಚಗಿದೆಯಲ್ರೀ! ನಂದು ಇಲ್ಲೇ ಹಾಕಿ."

ಅಕ್ಕ ಮುಂದೆ ಬಂದಳು. "ಧಣಿ, ನಾವೆಲ್ಲ ಹೋಗ್ತೀವಿ. ಇವರೊಬ್ಬರನ್ನ ಗೋಡೆ ಹತ್ರ ಬಿಡಿ. ಚಳಿ ತಾಗಿದ್ರೆ ಉಳಿಯಲ್ಲ ಅಂದಿದಾರೆ ಡಾಕ್ಟ್ರು. ಒಂದು ಮೂಲೇಲಿ ಬಿದ್ದಿರ್ತಾರೆ, ಧಣಿ."

"ಅಮ್ಮಾ," ಧಣಿಯ ದನಿ ಬೆಣ್ಣೆಯಂತಿತ್ತು, "ನಾವಿದನ್ನೆಲ್ಲ ಯಾರಿಗೋಸ್ಕರ ಮಾಡ್ತಿರೋದು? ನಿಮಗೋಸ್ಕರ ತಾನೆ? ಒಂದು ರಾತ್ರಿ ಸಹಕರಿಸೋಕಾಗಲ್ವ? ಅದೂ ಅಲ್ದೆ ಆ ಕೆಮ್ಮು... ಬರೋರೆಲ್ಲ ಮನೇಲಿ ಮಕ್ಕಳು ಮರಿ ಇರೋರು."

"ನಿಮ್ಮ ಕಾಲು ಬೇಕಾದ್ರೂ ಹಿಡೀತೀನಿ."

"ಛೆ ಛೆ, ಕಾಲುಗೀಲು ಎಲ್ಲ ಬೇಡ," ಎಂದು ಧಣಿ ಪಾದ ಹಿಂದಕ್ಕೆಳೆದುಕೊಂಡ. ಅಕ್ಕ ಆಗಲೇ ಬಗ್ಗಿಯಾಗಿತ್ತು. ಕೈ ಬರೀ ನೆಲಕ್ಕೆ ಬಿತ್ತು.

"ಇನ್ನೊಂದ್ಸಲ ಬಗ್ಗಮ್ಮ," ಎಂದ ಧಣಿಯ ಜೊತೆ ಬಂದಿದ್ದ ಫೋಟೋದವನು. "ಸರ್, ನೀವು ಕಾಲು ಅಲ್ಲೇ ಇಡಿ. ಮುಖ ಬರ್ಲಿಲ್ಲ."

ಭಾವ ಗೋಡೆ ಹಿಡಿದು ತಾವಾಗಿ ಎದ್ದು ನಿಂತರು. ಎಷ್ಟೋ ದಿನದಿಂದ ಅವರು ನಿಂತಿದ್ದನ್ನು ನಾನು ನೋಡಿರಲಿಲ್ಲ. "ನಡಿಯೇ," ಎಂದರು ಹೆಂಡತಿಗೆ. "ಆ ನನ್ಮಗನ ಬಟ್ಟೆ ಮುಟ್ಟಿದ್ದು ಸಾಕು. ಕಾಲು ಬೇರೆ ಮುಟ್ಟಬೇಕಾ?"

ನಮ್ಮನ್ನು ಸೇತುವೆಗೆ ಸಾಗಿಸುವ ವ್ಯಾನು ಬಂತು. ನಾನೂ ಗಂಟು ಎತ್ತಿಕೊಂಡೆ. ಟೋಪಿಯಮ್ಮ ನನ್ನ ತೋಳು ಹಿಡಿದಳು. "ನೀವು ಇರಿ. ಅನುಭವ ಹೇಳೋಕೆ ನಮಗೊಬ್ರು ಬೇಕು. ನೀವು ನೋಡೋಕೂ ಪರವಾಗಿಲ್ಲ." ನಾನು ತೋಳು ಬಿಡಿಸಿಕೊಳ್ಳುವುದರೊಳಗೆ ಅಕ್ಕ ವ್ಯಾನಿನಿಂದ ತಲೆ ಹೊರಗೆ ಹಾಕಿದಳು.

"ಇರು ತಮ್ಮ, ಇರು. ಅಂಥೋರು ಎಷ್ಟೊತ್ತು ಅಂತ ನೆಲದ ಮೇಲೆ ಮಲಗ್ತಾರೆ? ಮಧ್ಯದಲ್ಲಿ ಎದ್ದು ಮನೆಗೆ ಹೋಗ್ತಾನೆ. ಗೋಡೆ ಖಾಲಿಯಾದ ತಕ್ಷಣ ಓಡಿ ಬಾ. ಎತ್ಕೊಂಡು ಬರೋಣ."

ಹೀಗೆ ನಾನು ಉಳಿದೆ.

ಕತ್ತಲಾದ ಮೇಲೆ ದೊಡ್ಡವರು ಬಂದರು. ನೆಲಕ್ಕೆ ದಪ್ಪ ರಬ್ಬರಿನ ಹಾಸು, ಅದರ ಮೇಲೆ ಕತ್ತಿನವರೆಗೂ ಜಿಪ್ಪು ಎಳೆದುಕೊಳ್ಳುವ ಸ್ಲೀಪಿಂಗ್ ಬ್ಯಾಗು, ಪಕ್ಕದಲ್ಲಿ ಬಿಸಿ ಸೂಪಿನ ಫ್ಲಾಸ್ಕು. ಎಲ್ಲರೂ ಸುತ್ತ ಕೂತು ನನ್ನನ್ನು ನಡುವೆ ಕೂರಿಸಿದರು. ಒಬ್ಬ ಪ್ರೊಫೆಸರು ಕನ್ನಡಕ ಏರಿಸಿಕೊಂಡು ಕೇಳಿದರು, "ನಿಮ್ಮ ಅಭಿಪ್ರಾಯದಲ್ಲಿ, ಜನ ಬೀದಿಗೆ ಬರಲು ಮೂಲ ಕಾರಣ ಏನು?"

"ಮನೆಯಿಂದ ಹೊರಗೆ ಹಾಕೋದು, ಸಾರ್."

"ಅದು ಸರಿ. ಅದರ ಹಿಂದಿನ ಕಾರಣ? ಕುಡಿತ? ಅವಿದ್ಯೆ? ಮಾನಸಿಕ..."

"ಲಿಫ್ಟು," ಎಂದೆ.

ಧಣಿ ನಗುತ್ತಾ ಕೈ ಎತ್ತಿದ. "ಬಡವರಲ್ಲಿ ಈ ಹಾಸ್ಯಪ್ರಜ್ಞೆ ಇದೆಯಲ್ಲ, ಅದನ್ನ ನಾವು ಕಲೀಬೇಕು. ಇರಲಿ, ಕಾರಣ ಬಿಡಿ. ನಿಮ್ಮಂಥೋರಿಗೆ ಸಮಾಜ ಏನು ಮಾಡಬೇಕು? ನೇರವಾಗಿ ಹೇಳಿ, ಸಂಕೋಚ ಬೇಡ."

"ಸ್ವಲ್ಪ ಸರಿದು ಮಲಗಬೇಕು," ಎಂದೆ, ಅವನ ಬೆನ್ನ ಹಿಂದಿನ ಗೋಡೆ ನೋಡುತ್ತಾ.

"ಆಹಾ!" ಎಂದರು ಪ್ರೊಫೆಸರು. ಚಪ್ಪಾಳೆ ಬಿತ್ತು. ಟೋಪಿಯಮ್ಮ ಆ ಮಾತನ್ನು ಫೋನಿನಲ್ಲಿ ಬರೆದುಕೊಂಡಳು. ಯಾರೂ ಸರಿಯಲಿಲ್ಲ.

ಚಳಿ ಏರುತ್ತಿದ್ದಂತೆ ಒಬ್ಬೊಬ್ಬರೇ ಫೋನ್ ಬಂತೆಂದು ಎದ್ದು ಹೋಗಿ ಕಾರಿನೊಳಗೆ ಮಲಗಿದರು. ಪ್ರೊಫೆಸರು ಹೇಳದೇ ಕೇಳದೇ ಮನೆಗೇ ಹೋದರು. ಧಣಿ ಮಾತ್ರ ಅಲುಗಲಿಲ್ಲ. ಗೋಡೆಗೆ ಬೆನ್ನು ಒತ್ತಿಕೊಂಡು, ಬಾಯಿ ಬಿಟ್ಟುಕೊಂಡು, ಹಾಯಾಗಿ ನಿದ್ದೆ ಹೊಡೆದ. "ನೋಡಿ, ಸರ್‌ಗೆ ಎಷ್ಟು ಛಲ!" ಎಂದು ಉಳಿದವರು ಪಿಸುಗುಟ್ಟಿದರು. ನಾನು ಎದುರಿನ ಕಟ್ಟೆಯ ಮೇಲೆ ಮೊಣಕಾಲು ತಬ್ಬಿಕೊಂಡು ಗೋಡೆ ಖಾಲಿಯಾಗುವುದನ್ನು ಕಾಯುತ್ತಾ ಕೂತೆ. ಅವನು ಉಚ್ಚೆಗೂ ಏಳಲಿಲ್ಲ.

ಬೆಳಕು ಹರಿಯುವಾಗ ಅಕ್ಕ ನಡೆದು ಬರುವುದು ಕಾಣಿಸಿತು. ಒಬ್ಬಳೇ. ಓಡುತ್ತಿರಲಿಲ್ಲ.

"ಭಾವ?" ಎಂದೆ.

"ಮಲಗಿದಾರೆ."

"ಕೆಮ್ಮು?"

"ನಿಂತೋಯ್ತು ತಮ್ಮ." ಅವಳ ಕಣ್ಣಲ್ಲಿ ನೀರಿರಲಿಲ್ಲ. "ಸೇತುವೆ ಕೆಳಗೆ ಗಾಳಿ ಎರಡೂ ಕಡೆಯಿಂದ ಬರತ್ತೆ. ನನಗೆ ಒಂದು ಕಡೆ ಮಾತ್ರ ಅಡ್ಡ ಮಲಗೋಕಾಯ್ತು. ಹೆಣದ ಹತ್ರ ಕುಂಟನ್ನ ಕೂರಿಸಿ ಬಂದೆ."

ಅವಳು ಗೋಡೆಯ ಕಡೆ ನೋಡುತ್ತಿದ್ದಳು. ಧಣಿಯ ಗೊರಕೆ ರಸ್ತೆ ದಾಟಿ ಕೇಳುತ್ತಿತ್ತು.

ಆಗ ಟ್ಯಾಂಕರು ಬಂತು. ದಿನಾ ಬರುತ್ತದೆ, ಫುಟ್‌ಪಾತು ತೊಳೆಯುವ ನೆಪದಲ್ಲಿ ನಮ್ಮನ್ನು ಎಬ್ಬಿಸುವುದು ಅದರ ಕೆಲಸ. ಪೈಪು ಹಿಡಿಯುವವನಿಗೂ ಟ್ಯಾಂಕರಿನ ಕ್ಯಾಬಿನ್ನೇ ಮನೆ. ನಮ್ಮ ಮೇಲೆಲ್ಲ ನೀರು ಹೊಡೆದರೂ ಗೋಡೆಯ ಹತ್ತಿರ ಮಲಗಿದವರನ್ನು ಮಾತ್ರ ಅವನು ಬಿಟ್ಟೇ ಹೊಡೆಯುತ್ತಿದ್ದ.

"ಇವತ್ತು ತೊಳೆಯೋ ಹಾಗಿಲ್ವಂತೆ ಮೇಷ್ಟ್ರೆ," ಎಂದು ಕೆಳಗಿಳಿದ. "ದೊಡ್ಡೋರಿಗೆ ಮುಖ ತೊಳೆಯೋಕೆ ನೀರು ಕೊಡಬೇಕಂತೆ. ಅದ್ಸರಿ, ಗೋಡೆ ಹತ್ರ ಇರೋನು ಯಾರು? ಭಾವ ಎಲ್ಲಿ?"

ಅವನು ಅಕ್ಕನ ಮುಖ ನೋಡಿದ, ಖಾಲಿ ಕೈ ನೋಡಿದ. ಹೆಗಲ ಮೇಲಿದ್ದ ಪೈಪನ್ನು ಅವಳ ಕಾಲ ಹತ್ತಿರ ಇಳಿಸಿದ.

"ನಾನು ಚಾ ಕುಡ್ಕೊಂಡು ಬರ್ತೀನಿ," ಎಂದ. "ವಾಲ್ವು ಎಡಕ್ಕೆ ತಿರುಗಿಸಿದ್ರೆ ಜೋರಾಗತ್ತೆ. ನಾನೇನೂ ಹೇಳಿಲ್ಲ, ನೀವೇನೂ ಕೇಳಿಲ್ಲ."

ಅಕ್ಕ ಪೈಪು ಎತ್ತಿಕೊಂಡಳು. ಕೆಂಡ ತುಂಬಿದ ಪೆಟ್ಟಿಗೆಯನ್ನು ದಿನವಿಡೀ ಆಡಿಸಿದ ಮಣಿಕಟ್ಟು, ಪೈಪು ಅಲ್ಲಾಡಲಿಲ್ಲ. ವಾಲ್ವಿನ ಹತ್ತಿರ ನಾನು ನಿಂತು ಅರ್ಧ ತಿರುಗಿಸಿದೆ.

ಮೊದಲ ನೀರು ಧಣಿಯ ತೆರೆದ ಬಾಯಿಗೇ ಹೋಯಿತು. ಚಳಿಗಾಲದ ರಾತ್ರಿಯೆಲ್ಲ ಟ್ಯಾಂಕಿನಲ್ಲಿ ಕೂತಿದ್ದ ನೀರು. ಅವನು ಏಳಲು ನೋಡಿದ. ಕೈಗಳು ಬ್ಯಾಗಿನೊಳಗೆ, ಜಿಪ್ಪು ಗದ್ದದವರೆಗೆ. ತಲೆ ಮಾತ್ರ ಹೊರಗಿರುವ ಮೂಟೆಯ ಹಾಗೆ ಅತ್ತಿತ್ತ ಉರುಳಿದ. ಉರುಳಿದ ಕಡೆಗೆಲ್ಲ ನೀರು ಹೋಯಿತು.

"ಯಾರೇ ನೀನು, ಸೂಳೆಮುಂಡೆ!" ನಿನ್ನೆ ಅಮ್ಮಾ ಎಂದಿದ್ದ ಬಾಯಿ ಅದು.

"ಇಸ್ತ್ರಿಯವಳು, ಧಣಿ. ಮೆಟ್ಟಿಲ ಕೆಳಗಿನೋಳು. ನೀರು ಚಿಮುಕಿಸ್ದೆ ಉಜ್ಜಿದ್ರೆ ಸುಕ್ಕು ಹೋಗಲ್ಲ."

"ನಿಲ್ಸೇ! ಸಾಯ್ತೀನಿ ಕಣೇ!"

"ನಮ್ಮನೆಯವ್ರು ಸತ್ರು. ಸಾಯೋವಾಗ ಅವ್ರು ಇಷ್ಟು ಗಲಾಟೆ ಮಾಡ್ಲಿಲ್ಲ. ಸರಿಯೋ ಹಲ್ಕಾ, ಅವರ ಜಾಗ ಬಿಟ್ಟು ಸರಿ!"

ಕಾರುಗಳ ಬಾಗಿಲು ತೆರೆದವು. ತೆರೆದವರು ನೀರು ನೋಡಿ ಮತ್ತೆ ಮುಚ್ಚಿಕೊಂಡರು. ಫೋಟೋದವನು ಮಾತ್ರ ಒದ್ದೆಯಾಗುತ್ತಲೇ ತೆಗೆಯುತ್ತಿದ್ದ; ಈ ಸಲ ಮುಖ ಚೆನ್ನಾಗಿ ಬರುತ್ತಿದ್ದಿರಬೇಕು. ಟೋಪಿಯಮ್ಮ ದೂರದಿಂದಲೇ ಕೈ ಮುಗಿದು ಕಿರುಚಿದಳು: "ಬೇಡಮ್ಮಾ! ಸರ್‌ಗೆ ಎದೆ ವೀಕು! ಈ ಚಳೀಲಿ ಅವರಿಗೇನಾದ್ರೂ ಆದ್ರೆ?"

ಅಕ್ಕ ಅತ್ತ ತಿರುಗಿಯೂ ನೋಡಲಿಲ್ಲ. ನೀರನ್ನು ಧಣಿಯ ಎದೆಗೆ ಇಟ್ಟು, ಅಲ್ಲಿಂದ ಕದಲಿಸಲಿಲ್ಲ.

ಸೆಕ್ಯುರಿಟಿಯವನು ಓಡಿ ಬಂದು, ಜಾರಿ, ಅಂಗಾತ ಬಿದ್ದ. ಬಿದ್ದಲ್ಲಿಂದಲೇ ನನ್ನತ್ತ ಕೈ ಚಾಚಿದ.

"ಮೇಷ್ಟ್ರೆ! ನಿಮ್ಮ ದಮ್ಮಯ್ಯ, ವಾಲ್ವು ತಿರುಗಿಸಿ! ಬೇಗ ತಿರುಗಿಸಿ!"

ಅವನು ನನಗೆ ಬಹುವಚನ ಕೊಟ್ಟದ್ದು ಅದೇ ಮೊದಲು. ಇಷ್ಟು ಮರ್ಯಾದೆಯಿಂದ ಕೇಳುವವರ ಮಾತು ತೆಗೆದುಹಾಕಲು ಮನಸ್ಸು ಬರಲಿಲ್ಲ.

ತಿರುಗಿಸಿದೆ, ಎಡಕ್ಕೆ.

ಟ್ಯಾಂಕಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ನೀರಿತ್ತು.